ಅಂಬಾಸಿಡರಿಗೆ ಅಗಲದ ಟೈರು



ಹೊಸೂರು, ತಳಿ, ಡೆಂಕಣಿಕೋಟೆ, ರಾಯಕೋಟೆ ಕಡೆಯ ಕೆಲವು ಮನೆಗಳಲ್ಲಿ ಅಪ್ಪನ ಕಾಲದ ಅಂಬಾಸಿಡರ್ ಕಾರು ಇನ್ನೂ ಉಳಿದಿದೆ. ಮಾರಲು ಮನಸ್ಸಿಲ್ಲ, ಹಾಗೇ ನಿಲ್ಲಿಸಲೂ ಮನಸ್ಸಿಲ್ಲ. ಮಗ ಅದರ ಎಂಜಿನ್ ರಿಪೇರಿ ಮಾಡಿಸುತ್ತಾನೆ, ಬಣ್ಣ ಹೊಡೆಸುತ್ತಾನೆ, ಆಮೇಲೆ ಅವನ ಕಣ್ಣು ಚಕ್ರದ ಮೇಲೆ ಬೀಳುತ್ತದೆ. ಇಷ್ಟು ದೊಡ್ಡ ಮೈಗೆ ಇಷ್ಟು ಸಣಕಲು ಟೈರೇ ಎನಿಸುತ್ತದೆ. ಒಂದು ಕಡೆ ಬೆಂಗಳೂರಿನ ಜೆ.ಸಿ. ರಸ್ತೆ, ಇನ್ನೊಂದು ಕಡೆ ಚೆನ್ನೈನ ಪುದುಪೇಟೆ. ನಡುವೆ ಕೂತ ನಮ್ಮವರಿಗೆ ಅಗಲದ ಅಲಾಯ್ ವೀಲಿಗೇನೂ ಬರವಿಲ್ಲ. ಹಾಕಿಸಬಹುದೆ? ಹಾಕಿಸಬಹುದು. ಎಷ್ಟು ಅಗಲ ಎಂಬುದನ್ನು ಮಾತ್ರ ನಮ್ಮ ಕಣ್ಣನ್ನಲ್ಲ, ಕಾರಿನ ಮುಂಗಾಲನ್ನು ಕೇಳಬೇಕು.

ಈ ಕಾರಿನ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. 1950ರ ದಶಕದ ಕೊನೆಯಲ್ಲಿ ಕಲ್ಕತ್ತೆಯ ಬಳಿಯ ಉತ್ತರಪಾರದ ಕಾರ್ಖಾನೆಯಿಂದ ಅಂಬಾಸಿಡರ್ ಎಂಬ ಹೆಸರಿನಲ್ಲಿ ಹೊರಬಂತು; 2014ರ ಮೇ ತಿಂಗಳಲ್ಲಿ ತಯಾರಿಕೆ ನಿಂತಿತು. ಅದಕ್ಕೆ ಕೊಟ್ಟಿದ್ದ ಟೈರಿನ ಅಳತೆ 5.90-15. ಅಂದರೆ ಅಗಲ ಸುಮಾರು 5.9 ಇಂಚು, ರಿಮ್ಮಿನ ವ್ಯಾಸ 15 ಇಂಚು. ಇದು ನೂಲಿನ ಪದರಗಳನ್ನು ಓರೆಯಾಗಿ ಒಂದರ ಮೇಲೊಂದು ಹೆಣೆದು ಮಾಡಿದ ಹಳೆಯ ಮಾದರಿಯ ಟೈರು. ರೇಡಿಯಲ್ ಟೈರಿನಲ್ಲಿ ನೂಲು ಅಡ್ಡಡ್ಡವಾಗಿ ಹೋಗಿ, ಅದರ ಮೇಲೆ ಬೆಲ್ಟಿನಂತೆ ಪದರ ಬಿಗಿದಿರುತ್ತದೆ. ಫ್ರಾನ್ಸಿನ ಮಿಷೆಲಿನ್ ಕಂಪನಿ 1940ರ ದಶಕದಲ್ಲಿ ಇದನ್ನು ಹೊರತಂದಿತು. ನಮ್ಮ ದೇಶದಲ್ಲಿ ಜೆ.ಕೆ. ಟೈರ್ 1977ರಲ್ಲಿ ಶುರುಮಾಡಿತು. ರೇಡಿಯಲ್ಲು ತಿರುವಿನಲ್ಲಿ ನೆಲವನ್ನು ಬಿಡದೆ ಹಿಡಿಯುತ್ತದೆ. ಅಂಬಾಸಿಡರಿಗೆ ಅಗಲದ ಟೈರು ಹಾಕಿಸಿ ಗಾಡಿ ಬಹಳ ಸುಧಾರಿಸಿತು ಎನ್ನುವವರಿಗೆ ಆ ಲಾಭದ ಹೆಚ್ಚಿನ ಪಾಲು ಬಂದಿರುವುದು ಅಗಲದಿಂದಲ್ಲ, ರೇಡಿಯಲ್ಲಿನಿಂದ.

ಅಗಲ ಹೆಚ್ಚಿದರೆ ನೆಲಕ್ಕೆ ತಾಗುವ ಜಾಗ ಹೆಚ್ಚುತ್ತದೆ ಎಂಬ ನಂಬಿಕೆಯೂ ಅರ್ಧ ಮಾತ್ರ ಸರಿ. ಒಂದು ಚಕ್ರದ ಮೇಲೆ 350 ಕಿಲೋ ಭಾರ ಇದೆ ಎನ್ನಿ. ಒಳಗಿನ ಗಾಳಿ ಪ್ರತಿ ಚದರ ಸೆಂಟಿಮೀಟರಿಗೆ 2 ಕಿಲೋ ಒತ್ತಡದಲ್ಲಿದೆ ಎನ್ನಿ. ಆ ಭಾರ ಹೊರಲು ಸುಮಾರು 175 ಚದರ ಸೆಂಟಿಮೀಟರ್ ನೆಲ ಬೇಕು. ಹೆಚ್ಚುಕಡಿಮೆ ಬೆರಳು ಬಿಡಿಸಿ ಊರಿದ ಒಂದು ಕೈಯಷ್ಟು. ಟೈರು ಅಗಲವಾದರೂ ಭಾರ ಅಷ್ಟೇ, ಗಾಳಿ ಅಷ್ಟೇ. ಹಾಗಾಗಿ ಆ ಅಚ್ಚು ಉದ್ದ ಕಡಿಮೆಯಾಗಿ ಅಡ್ಡಕ್ಕೆ ಹರಡುತ್ತದೆ, ಅಷ್ಟೆ. ಒಣಗಿದ ಡಾಂಬರಿನ ತಿರುವಿನಲ್ಲಿ ಅದು ಒಳ್ಳೆಯದೇ. ನೀರು ನಿಂತ ಹೆದ್ದಾರಿಯಲ್ಲಿ ಅಗಲದ ಟೈರು ನೀರನ್ನು ಸೀಳಲಾರದೆ ಬೇಗ ತೇಲುತ್ತದೆ. ತಳಿಯ ಕಡೆಯ ಕೆಮ್ಮಣ್ಣಿನ ದಾರಿಯಲ್ಲಿ ಮಳೆ ಬಂದಾಗಲೂ ಮೇಲಿನ ಕೆಸರನ್ನು ಕೊಯ್ದು ಕೆಳಗಿನ ಗಟ್ಟಿ ನೆಲ ಮುಟ್ಟುವುದು ಸಣಕಲು ಟೈರೇ. ಹೊಲದ ದಾರಿಗೆ ಹಳಬರ ಟೈರಿಗೆ ಹೆಸರಿಡುವಂತಿಲ್ಲ.

ಈಗ ಅಳತೆಗೆ ಬರೋಣ. ಟೈರಿನ ಮೇಲೆ 195/65 ಆರ್ 15 ಎಂದಿದ್ದರೆ ಅಗಲ 195 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಅದರ ನೂರಕ್ಕೆ 65 ಪಾಲು, ರಿಮ್ಮು 15 ಇಂಚು. ಲೆಕ್ಕ ಹಾಕಿದರೆ ಇಡೀ ಚಕ್ರದ ಎತ್ತರ ಸುಮಾರು 634 ಮಿಲಿಮೀಟರ್. ಹಳೆಯ ಟೈರಿಗೆ ಸರಿಹೊಂದುವ 165 ಆರ್ 15 ರೇಡಿಯಲ್ ಟೈರಿನ ಎತ್ತರ ಸುಮಾರು 652. ವ್ಯತ್ಯಾಸ ನೂರಕ್ಕೆ ಎರಡೂವರೆಯಷ್ಟು. ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿ ಓಡುವುದು 58ರ ಆಸುಪಾಸು. ಇದನ್ನು ಸಹಿಸಬಹುದು. ಆದರೆ ಇದೇ ಟೈರು ಕೂರಲು ಕನಿಷ್ಠ ಐದೂವರೆ ಇಂಚು ಅಗಲದ ರಿಮ್ಮು ಬೇಕು. ಅಂಬಾಸಿಡರಿನ ಮೂಲ ಡಿಸ್ಕು ನಾಲ್ಕು ಇಂಚಿನ ಆಸುಪಾಸಿನದು. ಅದರ ಮೇಲೆ ಅಗಲದ ಟೈರನ್ನು ಒತ್ತಿ ಕೂರಿಸಿದರೆ ಅಂಚು ಒಳಕ್ಕೆ ಎಳೆದುಕೊಂಡು ನಡು ಉಬ್ಬುತ್ತದೆ, ತಿರುವಿನಲ್ಲಿ ಗಾಡಿ ತೊನೆಯುತ್ತದೆ. ಮೂಲ ಡಿಸ್ಕಿನಲ್ಲೇ ಇರುವವರು 165ಕ್ಕೆ ನಿಲ್ಲುವುದು ಲೇಸು, ಟ್ಯೂಬನ್ನೂ ಹಾಕಲೇಬೇಕು.

ಅಗಲದ ಡಿಸ್ಕು ಹಾಕಿಸುತ್ತೇವೆ ಎನ್ನುವವರು ಗಮನಕೊಟ್ಟು ಕೇಳಬೇಕಾದ ಮಾತು ಇದು. ನಾಲ್ಕು ಇಂಚಿನಿಂದ ಐದೂವರೆ ಇಂಚಿಗೆ ಹೋದರೆ ಹೆಚ್ಚಿದ್ದು 38 ಮಿಲಿಮೀಟರ್. ಅದು ಒಳಕ್ಕೆ 19, ಹೊರಕ್ಕೆ 19 ಎಂದು ಸಮನಾಗಿ ಹಂಚಿಕೊಂಡರೆ ಚಕ್ರದ ನಡುಗೆರೆ ಮೊದಲಿದ್ದಲ್ಲೇ ಇರುತ್ತದೆ. ಒಳಗೆ ತಾಗುತ್ತದೆ ಎಂದು ಅಂಗಡಿಯವನು ಪೂರ್ತಿ ಹೊರಕ್ಕೆ ತಳ್ಳಿದರೆ, ಅಥವಾ ಸ್ಪೇಸರ್ ಎಂಬ ಬಿಲ್ಲೆ ಇಟ್ಟು ದೂರ ಮಾಡಿದರೆ, ನಡುಗೆರೆ ಹೊರಕ್ಕೆ ಸರಿಯುತ್ತದೆ. ನೋಟಕ್ಕೆ ಗತ್ತು ಬರುತ್ತದೆ. ಆದರೆ ತೋಳು ಚಾಚಿ ಕೊಡ ಹಿಡಿದಂತೆ, ಅದೇ ಭಾರ ಬೇರಿಂಗಿನ ಮೇಲೆ ಹೆಚ್ಚಾಗಿ ಬೀಳುತ್ತದೆ. ಪ್ರತಿ ಗುಂಡಿಯ ಏಟೂ ಸ್ಟೀರಿಂಗನ್ನು ಕೈಯಿಂದ ಕಿತ್ತುಕೊಳ್ಳಲು ನೋಡುತ್ತದೆ.

ಅಂಬಾಸಿಡರಿನ ಮುಂದಿನ ಚಕ್ರ ತಿರುಗುವುದು ಸ್ವಿವೆಲ್ ಪಿನ್ನಿನ ಮೇಲೆ. ಆ ಪಿನ್ನು ಟ್ರನಿಯನ್ ಎಂಬ ತುಂಡಿನಲ್ಲಿ ತಿರುಪಿನ ಹಾಗೆ ಕೂತಿರುತ್ತದೆ. ಗ್ರೀಸ್ ಕಾಣದೆ ವರ್ಷಗಟ್ಟಲೆ ಓಡಿದ ಗಾಡಿಯಲ್ಲಿ ಆ ತಿರುಪಿನ ಹಲ್ಲು ಸವೆದು ಹೋಗಿರುತ್ತದೆ. ಪೂರ್ತಿ ಸವೆದರೆ ಪಿನ್ನು ಕಳಚಿ, ಚಕ್ರ ಮಡಚಿಕೊಂಡು ಗಾಡಿ ಮೂತಿ ಊರುತ್ತದೆ. ಸವೆದ ಟ್ರನಿಯನ್ನಿನ ಮೇಲೆ ಹೊರಚಾಚಿದ ಅಗಲದ ಚಕ್ರ ಹೊರಿಸಿ, ಐದು ಜನರನ್ನು ಕೂರಿಸಿಕೊಂಡು, ಡೆಂಕಣಿಕೋಟೆಯಿಂದ ಅಂಚೆಟ್ಟಿಯ ಕಾಡುದಾರಿಯಲ್ಲಿ ತಿರುವು ಇಳಿಯುವುದನ್ನು ನೆನೆಸಿಕೊಳ್ಳಿ. ಆದ್ದರಿಂದ ಮೊದಲ ಖರ್ಚು ಅಲಾಯ್ ವೀಲಿಗಲ್ಲ. ಗಾಡಿಯನ್ನು ಜಾಕಿಯ ಮೇಲೆ ಎತ್ತಿ ಭದ್ರವಾದ ಸ್ಟ್ಯಾಂಡ್ ಕೊಡಿ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿ. ಆಟ ಕಂಡರೆ ಅದು ಬೇರಿಂಗಿನದೋ ಟ್ರನಿಯನ್ನಿನದೋ ಎಂದು ಮೆಕ್ಯಾನಿಕ್ಕಿನಿಂದ ಖಚಿತ ಮಾಡಿಸಿ, ಬದಲಾಯಿಸಿದ ಮೇಲೆ ಟೈರಿನ ಮಾತು.

ಹಳೆಯ ಅಂಬಾಸಿಡರಿಗೆ ನಾಲ್ಕೂ ಕಡೆ ಡ್ರಮ್ ಬ್ರೇಕು, ಪವರ್ ಸ್ಟೀರಿಂಗ್ ಇಲ್ಲ. ಹೊಸೂರಿನ ಎತ್ತರದಿಂದ ಶೂಲಗಿರಿ ದಾಟಿ ಕೃಷ್ಣಗಿರಿಗೆ ಇಳಿಯುವಾಗ ಕಾಯ್ದ ಡ್ರಮ್ಮಿಗೆ ಅಗಲದ ಟೈರು ಯಾವ ಸಹಾಯವನ್ನೂ ಮಾಡದು. ಸಂತೆಬೀದಿಯಲ್ಲಿ ಗಾಡಿ ತಿರುಗಿಸುವಾಗ ಮಾತ್ರ ತೋಳು ನೋಯುತ್ತದೆ.

ಡಿಸ್ಕಿನ ಬೋಲ್ಟಿನ ವೃತ್ತವನ್ನು ಅಂದಾಜಿನಲ್ಲಿ ಬಿಡಬೇಡಿ. ನಾಲ್ಕು ಬೋಲ್ಟಿದ್ದರೆ ಎದುರುಬದುರಿನ ಎರಡರ ನಡುವಿನಿಂದ ನಡುವಿಗೆ ಅಳೆಯಿರಿ. ಐದಿದ್ದರೆ ಪಕ್ಕಪಕ್ಕದ ಎರಡರ ದೂರವನ್ನು 1.7ರಿಂದ ಗುಣಿಸಿ. ಫಿಯಟ್ ಬಳಗದ ಕಾರುಗಳಲ್ಲಿ 98 ಮಿಲಿಮೀಟರಿನ ವೃತ್ತ ಸಾಮಾನ್ಯ, ಬೇರೆ ಹಲವು ಕಾರುಗಳದು 100. ಪದ್ಮಿನಿ ಇಟ್ಟುಕೊಂಡವರು ಈ ಎರಡು ಮಿಲಿಮೀಟರನ್ನು ಮರೆಯಬಾರದು. ಬಿಗಿದಾಗ ಕೂತಂತೆ ಕಾಣುತ್ತದೆ, ಆದರೆ ನಟ್ಟು ಓರೆಯಾಗಿ ಕೂತು ದಾರಿಯಲ್ಲಿ ಸಡಿಲಾಗುತ್ತದೆ.

ಹೊಸ ಚಕ್ರ ಹಾಕಿದ ದಿನ ಡಿಕ್ಕಿಗೆ ಎರಡು ಮೂಟೆ ಹಾಕಿ, ಜನರನ್ನು ಕೂರಿಸಿ, ಸ್ಟೀರಿಂಗನ್ನು ಎರಡೂ ಕೊನೆಗೆ ತಿರುಗಿಸಿ ನೋಡಿ. ಮಡ್‌ಗಾರ್ಡಿನ ಒಳಮೈಗೆ ಚಪಾತಿ ಹಿಟ್ಟಿನ ಉಂಡೆ ಮೆತ್ತಿ ನಿಧಾನವಾಗಿ ಒಂದು ಸುತ್ತು ಬಂದರೆ, ಎಲ್ಲಿ ತಾಗುತ್ತದೆ ಎಂದು ಉಂಡೆಯೇ ಹೇಳುತ್ತದೆ. (ರಾಗಿ ಹಿಟ್ಟು ಬೇಡ, ಉದುರುತ್ತದೆ.) ಹಿಂದಿನ ಚಕ್ರದ ಮೇಲೆ ಮಡ್‌ಗಾರ್ಡ್ ತಗ್ಗಾಗಿ ಇಳಿದಿರುವುದರಿಂದ, ಪಂಕ್ಚರ್ ಆದಾಗ ಅಗಲದ ಟೈರು ಹೊರಗೆ ಬರುತ್ತದೋ ಇಲ್ಲವೋ ಮನೆಯಲ್ಲೇ ಬಿಚ್ಚಿ ನೋಡಿ. ಸ್ಟೆಪ್ನಿ ಬೇರೆ ಎತ್ತರದ್ದಾದರೆ ಪಂಕ್ಚರ್ ಅಂಗಡಿಯ ತನಕ ಮಾತ್ರ ಓಡಿಸಿ. ಹಳೆ ಟೈರು ಕೊಳ್ಳುವವರು ಪಕ್ಕದಲ್ಲಿನ ನಾಲ್ಕು ಅಂಕಿ ಓದಿ: 2319 ಎಂದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು. ಒಂದೇ ಆಕ್ಸಲಿಗೆ ರೇಡಿಯಲ್ ಒಂದು, ಹಳೆ ಮಾದರಿ ಒಂದು ಎಂದೂ ಹಾಕಬಾರದು. 100 ಕಿಲೋಮೀಟರ್ ಓಡಿದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿಯಿರಿ.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಎತ್ತಿಹಿಡಿಯಿತು. ಅಪಘಾತವಾದಾಗ ವಿಮೆಯವರು ಮೊದಲು ಕೆದಕುವುದೂ ಇಂಥದ್ದನ್ನೇ. ಚಕ್ರ ಬದಲಿಸುವ ಮುನ್ನ ಆರ್.ಟಿ.ಓ. ಕಚೇರಿಯಲ್ಲಿ ಬರಹದಲ್ಲಿ ಕೇಳಿಕೊಳ್ಳಿ. ಇನ್ನು 50 ವರ್ಷ ದಾಟಿದ ಕಾರುಗಳನ್ನು ವಿಂಟೇಜ್ ಎಂದು ನೋಂದಾಯಿಸಲು 2021ರಲ್ಲಿ ಬೇರೆ ನಿಯಮ ಬಂತು. ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲೇ ಇರಬೇಕೆಂದು ಅದರ ಷರತ್ತು. ಟೈರು ತಾಗುತ್ತದೆಂದು ಮಡ್‌ಗಾರ್ಡಿನ ಅಂಚು ಕತ್ತರಿಸಿದ ಕಾರಿಗೆ ಆ ಬಾಗಿಲು ಮುಚ್ಚಿಹೋಗಬಹುದು. ಗ್ರೈಂಡರ್ ಹಿಡಿದು ಬರುವವನನ್ನು ಗೇಟಿನಲ್ಲೇ ತಡೆಯಿರಿ. ಬಿಚ್ಚಿದ ಹಳೆಯ ಐದು ಡಿಸ್ಕುಗಳನ್ನು ಗುಜರಿಗೆ ಹಾಕದೆ, ತುಕ್ಕು ತೆಗೆಸಿ ಬಣ್ಣ ಹೊಡೆಸಿ, ಅಟ್ಟದ ಮೇಲೆ ಇಟ್ಟುಕೊಳ್ಳಿ.