ದೊಡ್ಡ ಪರದೆಯ ಸ್ಮಾರ್ಟ್ ಟಿವಿ: ಕೊಳ್ಳುವ ಮುನ್ನ ವರ್ತಕರು ಕೇಳಬೇಕಾದ ಪ್ರಶ್ನೆಗಳು

ಒಂದು ಕಾಲಕ್ಕೆ ಮನೆಯ ಪಡಸಾಲೆಗೆ ಮಾತ್ರ ಸೀಮಿತವಾಗಿದ್ದ ಟಿವಿಯು ಇಂದು ಜವಳಿ ಅಂಗಡಿಯ ಗೋಡೆ, ಹೋಟೆಲಿನ ದರಪಟ್ಟಿ, ಕಾರ್ಖಾನೆಯ ಸಭಾಕೊಠಡಿ ಹೀಗೆ ಎಲ್ಲೆಡೆ ಸ್ಥಾನ ಪಡೆದಿದೆ. 32 ಅಂಗುಲಕ್ಕಿಂತ ದೊಡ್ಡ ಟಿವಿಗಳ ಮೇಲಿನ ಜಿಎಸ್‌ಟಿಯು 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. ಆದರೆ ತೆರಿಗೆ ಇಳಿಯಿತೆಂಬ ಒಂದೇ ಕಾರಣಕ್ಕೆ ಖರೀದಿಗೆ ಮುಂದಾಗುವುದು ಜಾಣತನವಲ್ಲ. ಖರೀದಿದಾರರು ಸಾಮಾನ್ಯವಾಗಿ ಕೇಳುವ ಹಾಗೂ ಕೇಳಲು ಮರೆಯುವ ಕೆಲವು ಪ್ರಶ್ನೆಗಳನ್ನು ಇಲ್ಲಿ ಪರಿಶೀಲಿಸಲಾಗಿದೆ.

ತೆರಿಗೆ ಇಳಿಕೆಯಿಂದ ಎಲ್ಲರಿಗೂ ಲಾಭವೇ?

ತೆರಿಗೆ ಸೇರದ ಮೂಲ ಬೆಲೆ ₹50,000 ಎಂದಿಟ್ಟುಕೊಳ್ಳೋಣ. ಹಿಂದಿನ ದರದಲ್ಲಿ ಬಿಲ್ಲಿನ ಮೊತ್ತ ₹64,000 ಆಗುತ್ತಿತ್ತು. ಈಗ ₹59,000 ಆಗುತ್ತದೆ. ಮನೆಗೆ ಕೊಳ್ಳುವವರಿಗೆ, ನೋಂದಣಿ ಇಲ್ಲದವರಿಗೆ ಹಾಗೂ ರಾಜಿ ತೆರಿಗೆ ಪದ್ಧತಿಯಲ್ಲಿರುವ ವರ್ತಕರಿಗೆ ಈ ₹5,000 ನಿಜವಾದ ಉಳಿತಾಯ. ಆದರೆ ವ್ಯವಹಾರದ ಬಳಕೆಗೆ ಕೊಂಡು ಹೂಡುವಳಿ ತೆರಿಗೆ ಜಮೆಯನ್ನು ಪೂರ್ಣವಾಗಿ ಪಡೆಯುವ ನೋಂದಾಯಿತ ವರ್ತಕರಿಗೆ ಅಂದೂ ಇಂದೂ ತಗಲುವ ವೆಚ್ಚ ₹50,000 ಮಾತ್ರ. ಅವರ ಕೈಯಿಂದ ಮುಂಗಡವಾಗಿ ಹೋಗುವ ಹಣ ಕಡಿಮೆಯಾಗಿದೆಯೇ ಹೊರತು ವೆಚ್ಚ ಕಡಿಮೆಯಾಗಿಲ್ಲ. ಆದ್ದರಿಂದ ಅಂಥವರು ಚೌಕಾಸಿ ಮಾಡಬೇಕಾದದ್ದು ಮೂಲ ಬೆಲೆಯ ಮೇಲೆ.

ಯಾವ ಗಾತ್ರ ಸೂಕ್ತ?

ಟಿವಿಯ ಗಾತ್ರವೆಂದರೆ ಪರದೆಯ ಕರ್ಣದ ಅಳತೆ, ಅಗಲವಲ್ಲ. 65 ಅಂಗುಲದ ಅಂದರೆ 165 ಸೆಂಟಿಮೀಟರಿನ ಪರದೆಯು ಸುಮಾರು 144 ಸೆಂ.ಮೀ. ಅಗಲ ಹಾಗೂ 81 ಸೆಂ.ಮೀ. ಎತ್ತರವಿರುತ್ತದೆ. ನೋಡುಗರು ಕರ್ಣದ ಒಂದೂವರೆ ಪಟ್ಟು ದೂರದಲ್ಲಿ ಕುಳಿತರೆ ಅನುಕೂಲ ಎಂಬುದು ರೂಢಿಯ ಲೆಕ್ಕ. ಈ ಗಾತ್ರಕ್ಕೆ ಅದು ಸುಮಾರು 8 ಅಡಿ. ಕೊಳ್ಳುವ ಮುನ್ನ ಗೋಡೆಯನ್ನು ಅಳೆಯುವುದಷ್ಟೇ ಅಲ್ಲ, ಮೆಟ್ಟಿಲು, ಲಿಫ್ಟು, ಬಾಗಿಲುಗಳ ಮೂಲಕ ಪೆಟ್ಟಿಗೆ ಒಳಬರುವುದೇ ಎಂಬುದನ್ನೂ ನೋಡತಕ್ಕದ್ದು.

ಎಲ್‌ಇಡಿ, ಕ್ಯೂಎಲ್‌ಇಡಿ, ಒಎಲ್‌ಇಡಿ: ವ್ಯತ್ಯಾಸವೇನು?

ಮೊದಲೆರಡೂ ಮೂಲತಃ ಎಲ್‌ಸಿಡಿ ಪರದೆಗಳೇ. ಹಿಂಬದಿಯಿಂದ ಎಲ್‌ಇಡಿ ದೀಪಗಳು ಬೆಳಗುತ್ತವೆ. ಕ್ಯೂಎಲ್‌ಇಡಿಯಲ್ಲಿ ಬಣ್ಣವನ್ನು ಉತ್ತಮಪಡಿಸುವ ಒಂದು ಪದರ ಹೆಚ್ಚಾಗಿರುತ್ತದೆ. ಒಎಲ್‌ಇಡಿಯಲ್ಲಿ ಪ್ರತಿಯೊಂದು ಬಿಂದುವೂ ತಾನೇ ಬೆಳಕು ಸೂಸುವುದರಿಂದ ಕಪ್ಪು ಬಣ್ಣ ನಿಜಕ್ಕೂ ಕಪ್ಪಾಗಿ ಕಾಣುತ್ತದೆ, ಬೆಲೆಯೂ ಹೆಚ್ಚು. ಆದರೆ ಒಂದೇ ಲಾಂಛನ ಅಥವಾ ದರಪಟ್ಟಿಯನ್ನು ದಿನವಿಡೀ ತೋರಿಸಿದರೆ ಒಎಲ್‌ಇಡಿ ಪರದೆಯಲ್ಲಿ ಅದರ ಛಾಯೆ ಶಾಶ್ವತವಾಗಿ ಉಳಿಯುವ ಅಪಾಯವಿದೆ. ಬೆಳಕು ಹೆಚ್ಚಿರುವ ಅಂಗಡಿಗೆ ಪ್ರಖರತೆ ಹೆಚ್ಚಿರುವ ಎಲ್‌ಇಡಿ ಮಾದರಿಯೇ ಲೇಸು.

ಮನೆಬಳಕೆಯ ಟಿವಿಯನ್ನು ಅಂಗಡಿಯಲ್ಲಿ ಹಾಕಬಹುದೇ?

ಹಾಕಲು ಅಡ್ಡಿಯಿಲ್ಲ, ವಾರಂಟಿ ಉಳಿಯುವುದೇ ಎಂಬುದು ಪ್ರಶ್ನೆ. ಅನೇಕ ತಯಾರಕರ ವಾರಂಟಿ ಪತ್ರದಲ್ಲಿ ವಾಣಿಜ್ಯ ಬಳಕೆಗೆ ವಾರಂಟಿ ಅನ್ವಯಿಸದು ಅಥವಾ ಅದರ ಅವಧಿ ಮೊಟಕಾಗುತ್ತದೆ ಎಂಬ ಷರತ್ತು ಸಣ್ಣ ಅಕ್ಷರಗಳಲ್ಲಿರುತ್ತದೆ. ದಿನಕ್ಕೆ 16 ಗಂಟೆ ಅಥವಾ 24 ಗಂಟೆಯೂ ನಡೆಯುವಂತೆ ರೂಪಿಸಿದ ವಾಣಿಜ್ಯ ಪರದೆಗಳು ಬೇರೆಯೇ ಇವೆ. ಅವುಗಳ ಬೆಲೆ ಹೆಚ್ಚು. ಆದರೆ ಮುಂಜಾನೆಯಿಂದ ರಾತ್ರಿಯವರೆಗೆ ಬಿಡುವಿಲ್ಲದೆ ನಡೆಸುವವರು ಎರಡನ್ನೂ ತೂಗಿ ನೋಡುವುದು ಒಳಿತು. ತಂತ್ರಾಂಶದ ಪರಿಷ್ಕರಣೆ ಎಷ್ಟು ವರ್ಷ ದೊರೆಯುವುದೆಂದು ಕೇಳುವುದನ್ನೂ ಮರೆಯಬಾರದು. ಪರದೆ ಚೆನ್ನಾಗಿದ್ದರೂ ತಂತ್ರಾಂಶ ಹಳತಾದರೆ ಆ್ಯಪ್‌ಗಳು ಒಂದೊಂದಾಗಿ ನಿಲ್ಲುತ್ತವೆ.

ಬಿಲ್ ಹೇಗಿರಬೇಕು?

ವ್ಯವಹಾರಕ್ಕೆ ಕೊಳ್ಳುವಾಗ ಸಂಸ್ಥೆಯ ಹೆಸರು, ವಿಳಾಸ ಹಾಗೂ ಜಿಎಸ್‌ಟಿ ಸಂಖ್ಯೆ ಬಿಲ್ಲಿನಲ್ಲಿ ಇರಲೇಬೇಕು. ಮಾರಾಟಗಾರನು ಆ ಬಿಲ್ಲನ್ನು ತನ್ನ ವಿವರಪಟ್ಟಿಯಲ್ಲಿ ಸಲ್ಲಿಸಿ, ಅದು ಕೊಂಡವರ ಜಿಎಸ್‌ಟಿಆರ್-2ಬಿಯಲ್ಲಿ ಕಂಡರೆ ಮಾತ್ರ ಜಮೆ ದೊರೆಯುತ್ತದೆ. ತೆರಿಗೆಯ ಮೊತ್ತವನ್ನು ಆಸ್ತಿಯ ಬೆಲೆಗೆ ಸೇರಿಸಿ ಸವಕಳಿ ಪಡೆದರೆ ಆ ಜಮೆಯ ಹಕ್ಕು ಹೋಗುತ್ತದೆ. ಎರಡರಲ್ಲಿ ಒಂದು ಮಾತ್ರ ಸಾಧ್ಯ. ಸಾಮಾನ್ಯ ಯಂತ್ರೋಪಕರಣಗಳಂತೆ ಟಿವಿಗೆ ಆದಾಯ ತೆರಿಗೆಯಲ್ಲಿ ಸವಕಳಿ ದರ ಶೇ. 15, ಆ ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. ಒಂದು ದಿನದಲ್ಲಿ ಒಬ್ಬರಿಗೆ ₹10,000 ಮೀರಿ ನಗದಾಗಿ ಕೊಟ್ಟ ಮೊತ್ತಕ್ಕೆ ಸವಕಳಿ ಇಲ್ಲ. ಸಂಸ್ಥೆಯ ಹೆಸರಿನಲ್ಲಿ ಕೊಂಡು ಮನೆಯಲ್ಲಿ ಇರಿಸಿದ ಟಿವಿಗೆ ಹೂಡುವಳಿ ತೆರಿಗೆ ಜಮೆ ಸಲ್ಲದು. ತಪಾಸಣೆಯಲ್ಲಿ ಅದು ಕಂಡುಬಂದರೆ ತೆರಿಗೆಯೊಂದಿಗೆ ಬಡ್ಡಿ, ದಂಡವೂ ಸೇರಿ ಉಳಿತಾಯವೇ ಹೊರೆಯಾಗುತ್ತದೆ.

ಹಳೆಯ ಟಿವಿ ಕೊಟ್ಟು ಹೊಸದು ಪಡೆದರೆ ತೆರಿಗೆ ಯಾವ ಮೊತ್ತದ ಮೇಲೆ?

ವಿನಿಮಯವಿಲ್ಲದೆ ₹50,000ಕ್ಕೆ ಮಾರುವ ಟಿವಿಯನ್ನು ಹಳೆಯದಕ್ಕೆ ₹4,000 ಕಳೆದು ₹46,000ಕ್ಕೆ ಕೊಟ್ಟರೂ ಜಿಎಸ್‌ಟಿ ಲೆಕ್ಕ ಹಾಕಬೇಕಾದದ್ದು ₹50,000ದ ಮೇಲೆ. ಟಿವಿ ಮಾರುವ ವರ್ತಕರು ಇದನ್ನು ವಿಶೇಷವಾಗಿ ಗಮನಿಸಬೇಕು. ಹಳೆಯ ಟಿವಿಯ ಮೇಲೆ ಹಿಂದೆ ಜಮೆ ಪಡೆದಿದ್ದ ಸಂಸ್ಥೆಯು ಅದನ್ನು ಬಿಟ್ಟುಕೊಡುವಾಗ ತಾನೂ ತೆರಿಗೆ ಲೆಕ್ಕ ಹಾಕಬೇಕಾಗುತ್ತದೆ.

ವಿತರಕರಿಗೆ ಉಡುಗೊರೆಯಾಗಿ ಕೊಡಬಹುದೇ?

ಕೊಡಬಹುದು, ಆದರೆ ಉಡುಗೊರೆಯಾಗಿ ಕೊಟ್ಟ ವಸ್ತುವಿಗೆ ಹೂಡುವಳಿ ತೆರಿಗೆ ಜಮೆ ಇಲ್ಲ. ಜೊತೆಗೆ, ವ್ಯವಹಾರದ ಸಂಬಂಧದಿಂದ ಒಬ್ಬರಿಗೆ ವರ್ಷದಲ್ಲಿ ಕೊಡುವ ಇಂಥ ಪ್ರಯೋಜನಗಳ ಮೌಲ್ಯ ₹20,000 ಮೀರಿದರೆ ಶೇ. 10ರ ಮೂಲದಲ್ಲಿ ತೆರಿಗೆ ಕಡಿತದ ನಿಯಮ 2022ರ ಜುಲೈ 1ರಿಂದ ಜಾರಿಯಲ್ಲಿದೆ. ಪಡೆದವರ ಪಾಲಿಗೂ ಅದು ವ್ಯವಹಾರದ ಆದಾಯವೇ. ದೀಪಾವಳಿಯ ಉಡುಗೊರೆ ಯೋಜನೆ ಪ್ರಕಟಿಸುವ ಮುನ್ನವೇ ಈ ವೆಚ್ಚವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ದೋಷ ಕಂಡರೆ ಯಾರ ಬಳಿ ಹೋಗುವುದು?

ಮನೆಬಳಕೆಗೆ ಕೊಂಡವರು ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಸಲ್ಲಿಸಬಹುದು. ₹5 ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಗ್ರಾಹಕರಲ್ಲ. ಸ್ವಂತ ದುಡಿಮೆಯ ಜೀವನೋಪಾಯಕ್ಕಾಗಿಯೇ ಕೊಂಡವರಿಗೆ ಮಾತ್ರ ವಿನಾಯಿತಿ ಇದೆ. ಸಂಸ್ಥೆಯ ಹೆಸರಿನ ಬಿಲ್ಲು ತೆರಿಗೆಯ ದೃಷ್ಟಿಯಿಂದ ಅನುಕೂಲವಾದರೂ ಆಯೋಗದ ಮುಂದೆ ಎದುರಾಳಿಯ ಆಕ್ಷೇಪಣೆಗೆ ಆಸ್ಪದ ಕೊಡಬಹುದು. ಹೀಗಾಗಿ ದುರಸ್ತಿಯ ಅವಧಿ, ಬದಲಿ ಪರದೆ, ಅಳವಡಿಕೆಯ ಹೊಣೆ ಇವೆಲ್ಲವನ್ನೂ ಹಣ ಕೊಡುವ ಮುನ್ನವೇ ಬರವಣಿಗೆಯಲ್ಲಿ ಪಡೆಯುವುದು ವರ್ತಕರಿಗೆ ಹೆಚ್ಚು ಅಗತ್ಯ.

ಟಿವಿ ಮಾರುವವರಿಗೂ ಈ ಪ್ರಶ್ನೆಗಳು ಉಪಯುಕ್ತ. ಬಳಕೆ ಎಲ್ಲಿ, ದಿನಕ್ಕೆ ಎಷ್ಟು ಗಂಟೆ, ಬಿಲ್ಲು ಯಾರ ಹೆಸರಿಗೆ ಎಂಬ ಮೂರನ್ನು ಮೊದಲೇ ಕೇಳಿ ತಿಳಿದು ಮಾರಿದ ಅಂಗಡಿಗೆ ನಂತರದ ತಕರಾರುಗಳು ಕಡಿಮೆ. ಕೊಂಡವರು ಮತ್ತೆ ಅದೇ ಅಂಗಡಿಗೆ ಬರುವ ಸಂಭವವೂ ಹೆಚ್ಚು.