ಸ್ಯಾಂಕಿ ಕೆರೆಯ ಮಂಜು, ಜಗಲಿಯ ಬಿಸಿಲು

ಬೆಂಗಳೂರಿನಲ್ಲಿ ಹಿಮ ಬೀಳುವುದಿಲ್ಲ, ನಿಜ. ಆದರೆ ಧನುರ್ಮಾಸದ ಮುಂಜಾನೆ ಮಲ್ಲೇಶ್ವರದ ಸ್ಯಾಂಕಿ ಕೆರೆಯ ಏರಿಯ ಮೇಲೆ ಒಮ್ಮೆ ನಿಂತು ನೋಡಿ! 1882ರಲ್ಲಿ ಊರಿನ ನೀರಿಗಾಗಿ ಕಟ್ಟಿಸಿದ ಕೆರೆ; ಮಂಜು ಕವಿದ ದಿನ ಆಚೆ ದಡವೇ ಕಾಣಿಸದು. ಚಳಿಯೆಂದು ಮೂಗು ಮುರಿಯಬೇಡಿ. 1884ರ ಜನವರಿಯಲ್ಲಿ ಇಲ್ಲಿ ಉಷ್ಣತೆ 7.8 ಡಿಗ್ರಿಗೆ ಇಳಿದದ್ದುಂಟು. ಈಗಿನದು ಅದರ ಮುಂದೆ ಏನೇನೂ ಅಲ್ಲ.

ಒಂದು ಸುತ್ತು ಹಾಕಿ, ದೇವಸ್ಥಾನದ ಬಿಸಿ ಹುಗ್ಗಿ ತಿಂದು ಮನೆಗೆ ಬಂದರೆ ಅವರೆಕಾಯಿ ಕಾದಿರುತ್ತದೆ. ಬಿಡಿಸಿ, ನೆನೆಹಾಕಿ, ಹಿತಕಿ ಬೇಳೆ ಮಾಡುವುದು ಒಬ್ಬರ ಕೈಲಾಗುವ ಕೆಲಸವೇ? ಅಡುಗೆಮನೆಯಲ್ಲಿ ನೀವೊಬ್ಬರೇ ಕೂರಬೇಡಿ. ಮೊರ ಎತ್ತಿಕೊಂಡು ಜಗಲಿಯ ಬಿಸಿಲಿಗೆ ಬನ್ನಿ, ಪಕ್ಕದ ಮನೆಯವರನ್ನೂ ಕರೆಯಿರಿ. ಅತ್ತೆಯವರಿಗೊಂದು ತಟ್ಟೆ, ಪೇಪರು ಹಿಡಿದ ಯಜಮಾನರಿಗೂ ಒಂದು! ಸಂಕ್ರಾಂತಿ ಕಳೆದು ಬಿಸಿಲೇರಿದರೆ ಆ ಸೊಗಡು ಮತ್ತೆ ಸಿಗುವುದು ಮುಂದಿನ ವರ್ಷಕ್ಕೇ.