ಕೌಟುಂಬಿಕ ಚಿತ್ರಗೀತೆಗಳೂ ಗಡಿನಾಡಿನ ಕನ್ನಡವೂ

ಚಲನಚಿತ್ರಗೀತೆಗಳನ್ನು ಸಾಹಿತ್ಯದ ಪಂಕ್ತಿಯಲ್ಲಿ ಕೂರಿಸಲು ನಮ್ಮ ವಿದ್ವಾಂಸರು ಬಹುಕಾಲ ಹಿಂಜರಿದರು. ಆ ಚರ್ಚೆ ಇಲ್ಲಿ ಬೇಡ. ಮೂರು ರಾಜ್ಯಗಳು ಸಂಧಿಸುವ ಗೂಡಲೂರಿನಲ್ಲಿ ತಮಿಳು, ಮಲೆಯಾಳ, ಬಡಗ, ಕುರುಂಬ ನುಡಿಗಳ ನಡುವೆ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡವರಿಗೆ ಬೇರೊಂದು ಪ್ರಶ್ನೆ ಮುಖ್ಯ. ಐದಾರು ದಶಕಗಳ ಹಿಂದಿನ ಸಾಂಸಾರಿಕ ಚಿತ್ರಗಳ ಹಾಡುಗಳು ಇಂದಿಗೂ ಅಡುಗೆಮನೆಯಲ್ಲಿ, ಮದುವೆಯ ಚಪ್ಪರದಲ್ಲಿ, ಶಾಲೆಯ ವೇದಿಕೆಯಲ್ಲಿ ಕೇಳಿಬರುತ್ತಿರುವುದೇಕೆ?

ಮೊದಲ ಕಾರಣ, ಆ ಹಾಡುಗಳು ಕಥೆಯ ಒಡಲಿನಿಂದಲೇ ಹುಟ್ಟಿದವು. ಎನ್. ಲಕ್ಷ್ಮೀನಾರಾಯಣರ 'ನಾಂದಿ' (1964) ಚಿತ್ರವನ್ನೇ ನೋಡಬಹುದು. ಕಥಾನಾಯಕ ಒಬ್ಬ ಶಾಲಾ ಉಪಾಧ್ಯಾಯ. ಅವನ ಎರಡನೆಯ ಪತ್ನಿ ಕಿವಿ ಕೇಳದ, ಮಾತು ಬಾರದ ಹೆಣ್ಣುಮಗಳು. ಅಂಥ ಮನೆಯಲ್ಲಿ ತಂದೆ ಮಗುವಿಗಾಗಿ ಹಾಡುತ್ತಾನೆ. ಆರ್. ಎನ್. ಜಯಗೋಪಾಲರ ಸಾಹಿತ್ಯ, ವಿಜಯಭಾಸ್ಕರರ ಸಂಗೀತ, ಪಿ. ಬಿ. ಶ್ರೀನಿವಾಸರ ಕಂಠ. ತಾಯಿಗೆ ಕೇಳಿಸದ ಹಾಡು ಎಂಬ ಅರಿವೇ ಆ ಜೋಗುಳಕ್ಕೆ ಭಾರ ತಂದುಕೊಡುತ್ತದೆ. ಚಿತ್ರವನ್ನೇ ನೋಡದವರೂ ಅದನ್ನು ಮಕ್ಕಳಿಗೆ ಹಾಡುತ್ತಾರೆಂಬುದು ಬೇರೆ ಮಾತು.

'ಕಸ್ತೂರಿ ನಿವಾಸ'ದ (1971) ಗೊಂಬೆಯ ಹಾಡು ಇನ್ನೂ ಸೂಕ್ಷ್ಮವಾದುದು. ಎಷ್ಟು ಉರುಳಿಸಿದರೂ ಮತ್ತೆ ಎದ್ದು ನಿಲ್ಲುವ ಆಟಿಕೆಯನ್ನು ಮುಂದಿಟ್ಟು ಮಗುವನ್ನು ರಂಜಿಸುವ ಗೀತೆಯದು. ಕಥೆ ಮುಂದುವರಿದಂತೆ, ಇದ್ದುದನ್ನೆಲ್ಲ ದಾನಮಾಡಿ ಬರಿದಾಗುವ ನಾಯಕನ ಬದುಕಿಗೇ ಆ ಗೊಂಬೆ ಸಂಕೇತವಾಗುತ್ತದೆ. ಕೇಳುಗನ ವಯಸ್ಸು ಏರಿದಂತೆ ಅರ್ಥವೂ ಬೆಳೆಯುವ ಹಾಡುಗಳು ವಿರಳ. ಬಾಲಕನಾಗಿ ಕೇಳಿದವನು ಗೊಂಬೆಯನ್ನು ಕಂಡರೆ, ಸಂಸಾರಿಯಾಗಿ ಕೇಳುವವನು ಮನುಷ್ಯನನ್ನು ಕಾಣುತ್ತಾನೆ. ಇದೇ ಕಥೆ 1975ರಲ್ಲಿ ಶಿವಾಜಿ ಗಣೇಶನ್ ಅಭಿನಯದಲ್ಲಿ ತಮಿಳಿಗೆ ಹೋಯಿತು. ಕನ್ನಡದ ಮೂಲಚಿತ್ರ 2014ರಲ್ಲಿ ಬಣ್ಣ ತುಂಬಿಕೊಂಡು ಮತ್ತೆ ತೆರೆಗೆ ಬಂದಿತು.

ಎರಡನೆಯ ಕಾರಣ ರಚನೆಯಲ್ಲಿದೆ. ಹಿಂದಿನ 78 ಸುತ್ತಿನ ಧ್ವನಿಮುದ್ರಿಕೆಯ ಒಂದು ಬದಿಯಲ್ಲಿ ಸುಮಾರು ಮೂರೂವರೆ ನಿಮಿಷದಷ್ಟೇ ಸಂಗೀತ ಹಿಡಿಯುತ್ತಿತ್ತು. ಆ ಮಿತಿ ಹೋದ ಮೇಲೂ ಮಿತವ್ಯಯದ ಅಭ್ಯಾಸ ಉಳಿಯಿತು: ಒಂದು ಪಲ್ಲವಿ, ಎರಡು ಮೂರು ಚರಣ, ಪ್ರಾಸಬದ್ಧವಾದ ಸಣ್ಣ ಸಾಲುಗಳು. ಹಾಡುವಾಗ ವಾದ್ಯಗಳು ಹಿಂದೆ ಸರಿದು ಪದಕ್ಕೆ ದಾರಿ ಬಿಡುತ್ತಿದ್ದವು. ಇಂದಿನ ಅಬ್ಬರದಲ್ಲಿ ಈ ಸೌಜನ್ಯ ಕಡಿಮೆಯಾಗಿದೆಯೆಂದೇ ನನ್ನ ಅಭಿಪ್ರಾಯ. ಉತ್ತಮ ಕವಿತೆಗೂ ಅಲ್ಲಿ ಸ್ಥಳವಿತ್ತು; 'ಬೆಳ್ಳಿಮೋಡ' (1967) ಚಿತ್ರಕ್ಕೆ ಪುಟ್ಟಣ್ಣ ಕಣಗಾಲರು ಬೇಂದ್ರೆಯವರ 'ಬೆಳಗು' ಕವಿತೆಯನ್ನು ಬಳಸಿಕೊಂಡರು.

ಗಡಿನಾಡಿನವರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಆ ಕಾಲದ ಕನ್ನಡ ಹಾಡುಗಳು ಬಹುಪಾಲು ಮದರಾಸಿನಲ್ಲಿ ಧ್ವನಿಮುದ್ರಣಗೊಂಡವು. ಪಿ. ಬಿ. ಶ್ರೀನಿವಾಸ್, ಎಸ್. ಜಾನಕಿ, ಪಿ. ಸುಶೀಲ ಮೂವರೂ ಆಂಧ್ರದಲ್ಲಿ ಜನಿಸಿದವರು. ಕಲಿತು ಹಾಡಿದ್ದರಿಂದಲೋ ಏನೋ, ಅವರ ಉಚ್ಚಾರದಲ್ಲಿ ಅಲ್ಪಪ್ರಾಣ ಮಹಾಪ್ರಾಣಗಳ ಭೇದ ಸ್ಫುಟವಾಗಿ ಕೇಳುತ್ತದೆ. ಇನ್ನು ಡಾ. ರಾಜಕುಮಾರ್ ಹುಟ್ಟಿದ ಗಾಜನೂರು ಇಂದು ತಮಿಳುನಾಡಿನ ಈರೋಡು ಜಿಲ್ಲೆಯ ತಾಳವಾಡಿ ಸೀಮೆಯಲ್ಲಿದೆ. ಕನ್ನಡಿಗರೆಲ್ಲರ ಮನೆಮಾತಾದ ನಟನೂ ನಮ್ಮ ಮಕ್ಕಳಂತೆಯೇ ಗಡಿಯ ಈಚೆಗಿನ ಊರಿನವನು.

ಈ ಮಾತುಗಳಿಗೆ ಇಂದು ತುರ್ತು ಇದೆ. 2006ರ ಕಾಯ್ದೆಯ ಮೇರೆಗೆ ತಮಿಳುನಾಡಿನ ಶಾಲೆಗಳಲ್ಲಿ ತಮಿಳು ಕಡ್ಡಾಯ ಪಾಠವಾಗಿ, ಹಂತಹಂತವಾಗಿ 2015-16ರ ವೇಳೆಗೆ ಹತ್ತನೆಯ ತರಗತಿಯನ್ನು ಮುಟ್ಟಿತು. ರಾಜ್ಯದ ಭಾಷೆ ಕಲಿಯುವುದು ಅಗತ್ಯವೇ. ನೆರೆಹೊರೆಯ ಬಾಳ್ವೆಗೆ ಅದು ಬೇಕು. ಆದರೆ ತಮಿಳಿನ ಜತೆಗೆ ಇಂಗ್ಲಿಷಿನ ಸೆಳೆತವೂ ಸೇರಿದಾಗ ಮನೆಯ ಕನ್ನಡಕ್ಕೆ ಉಳಿಯುವ ಹೊತ್ತು ಕಿರಿದಾಗುತ್ತದೆ. ಅಜ್ಜಿಯ ಹಾಡನ್ನು ಮೊಮ್ಮಗಳು ತಪ್ಪಿಲ್ಲದೆ ಹಾಡಬಲ್ಲಳು, ಅದೇ ಹಾಡನ್ನು ಅಚ್ಚಿನಲ್ಲಿ ಓದಲಾರಳು ಎಂಬ ಸ್ಥಿತಿ ಬರಬಹುದು.

ಆದುದರಿಂದ ಕನ್ನಡ ತರಗತಿಯಲ್ಲಿ ವಾರಕ್ಕೊಂದು ಹಳೆಯ ಹಾಡನ್ನು ಕೇಳಿಸಿ, ಉಕ್ತಲೇಖನವಾಗಿ ಬರೆಸಬಹುದು. ರಾಗ ಮೊದಲೇ ಕಿವಿಯಲ್ಲಿರುವುದರಿಂದ ಒತ್ತಕ್ಷರಗಳೂ ದೀರ್ಘಗಳೂ ಮಕ್ಕಳಿಗೆ ಬೇಗ ಹಿಡಿಯುತ್ತವೆ. ಬರೆದ ಪುಟವನ್ನು ಅವರು ಮನೆಗೆ ಒಯ್ದು ಅಜ್ಜಿಯ ಮುಂದೆ ಓದಲಿ. ತಪ್ಪಿದ ಪದವನ್ನು ಆಕೆಯೇ ತಿದ್ದುತ್ತಾಳೆ.